ದಿನಕ್ಕೆ ಒಂದೋ ಎರಡೋ ಸಲ: ಕಿಡ್ನಿ ಕಾಯಿಲೆಯ ಬೆಕ್ಕು ಮತ್ತು ಅದರ ಔಷಧಿಗಳು

(ಶಿವಮೊಗ್ಗದಲ್ಲಿ ಬೆಕ್ಕು ಸಾಕಿದವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯೆ ಅಲ್ಲ. ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಯಾವ ಔಷಧಿ, ಎಷ್ಟು, ಎಷ್ಟು ದಿನ ಅನ್ನುವುದನ್ನು ನಿಮ್ಮ ಬೆಕ್ಕನ್ನು ಮುಟ್ಟಿ ನೋಡಿದ ಡಾಕ್ಟರೇ ಬರೆಯಬೇಕು. ನಾನು ಇವತ್ತು ಹೇಳುವ ಅಂಕಿಗಳು ನಿಮಗೆ ಚೀಟಿ ಅರ್ಥವಾಗಲಿ ಅಂತ, ಚೀಟಿಯಿಲ್ಲದೆ ಕೊಡಲಿ ಅಂತ ಅಲ್ಲ. ಹಾಗಾದರೆ ನನ್ನನ್ನು ಯಾಕೆ ಕರೆದರು? ಬೆಕ್ಕಿನ ಕಿಡ್ನಿ ಕಾಯಿಲೆಗೆ ನಮ್ಮಲ್ಲಿ ಬರೆದುಕೊಡುವ ಔಷಧಿಗಳಲ್ಲಿ ಬಹಳಷ್ಟು ಮನುಷ್ಯರ ಮಾತ್ರೆಗಳೇ. ಅರವತ್ತು ಎಪ್ಪತ್ತು ಕಿಲೋ ತೂಗುವವರಿಗೆ ಅಂತ ಮಾಡಿದ ಮಾತ್ರೆ ನಾಲ್ಕು ಕಿಲೋ ಬೆಕ್ಕಿನ ಹೊಟ್ಟೆ ಸೇರಬೇಕು. ಎಡವಟ್ಟುಗಳೆಲ್ಲ ಆಗುವುದು ಈ ನಡುವೆಯೇ, ನಮ್ಮ ಕೌಂಟರಿನಿಂದ ನಿಮ್ಮ ಅಡುಗೆಮನೆಯವರೆಗಿನ ದಾರಿಯಲ್ಲಿ. ಜೊತೆಗೆ ನಮ್ಮ ಮನೆಯಲ್ಲೂ ಕೆಂಚ ಅಂತ ಒಂದು ಗಂಡು ಬೆಕ್ಕಿದೆ, ವಯಸ್ಸಾಗಿದೆ, ಕಿಡ್ನಿ ಸೋತಿದೆ. ಹಾಗಾಗಿ ಕೌಂಟರಿನ ಎರಡೂ ಬದಿಯಲ್ಲಿ ನಿಂತ ಅನುಭವ ಇದೆ.

ಅಂಗಡಿಗೆ ಬಂದು ‘ಬೆಕ್ಕಿಗೆ ಕಿಡ್ನಿ ಮಾತ್ರೆ ಕೊಡಿ’ ಅಂತ ಕೇಳುವವರಿದ್ದಾರೆ. ಕಿಡ್ನಿ ಮಾತ್ರೆ ಅನ್ನುವುದೊಂದು ಇಲ್ಲ. ಕಿಡ್ನಿಯೊಳಗೆ ನೆಫ್ರಾನ್ ಅನ್ನುವ, ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳಿವೆ. ನಮಗೆ ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ, ಬೆಕ್ಕಿಗೆ ಸುಮಾರು 2 ಲಕ್ಷ. ಒಮ್ಮೆ ಹೋದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋದಾಗ ಮೂತ್ರ ಗಟ್ಟಿ ಮಾಡುವ ಶಕ್ತಿ ಕುಂದುತ್ತದೆ, ಬೆಕ್ಕು ಜಾಸ್ತಿ ನೀರು ಕುಡಿಯಲು ಶುರು ಮಾಡುತ್ತದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರಿ ಕಾಣಿಸಿಕೊಳ್ಳುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಹೋಗಿರುತ್ತದೆ. ಔಷಧಿಗಳು ಇದನ್ನು ವಾಪಸ್ ತರುವುದಿಲ್ಲ. ಒಂದು ರಕ್ತದೊತ್ತಡ ಇಳಿಸುತ್ತದೆ, ಒಂದು ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ, ಒಂದು ಫಾಸ್ಫರಸ್ ಕಟ್ಟಿಹಾಕುತ್ತದೆ, ಒಂದು ವಾಂತಿ ನಿಲ್ಲಿಸುತ್ತದೆ, ಒಂದು ಹಸಿವು ತರುತ್ತದೆ. ಯಾವ ತೊಂದರೆ ಇದೆಯೋ ಅದಕ್ಕೆ ಮಾತ್ರ ಔಷಧಿ. ಪಕ್ಕದ ಮನೆಯ ಬೆಕ್ಕಿಗೆ ಐದು ಮಾತ್ರೆ ಕೊಡುತ್ತಾರೆ, ನಮ್ಮದಕ್ಕೆ ಒಂದೇ ಬರೆದಿದ್ದಾರೆ ಅಂತ ಬೇಸರ ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಸುದ್ದಿ.

ಕಾಯಿಲೆ ಎಷ್ಟರ ಮಟ್ಟಿಗೆ ಬಂದಿದೆ ಎಂದು ಹೇಳಲು ವೈದ್ಯರು ಐರಿಸ್ ಅನ್ನುವ ಹಂತಗಳನ್ನು ಬಳಸುತ್ತಾರೆ. ಇಂಟರ್‌ನ್ಯಾಷನಲ್ ರೀನಲ್ ಇಂಟರೆಸ್ಟ್ ಸೊಸೈಟಿ ಅಂತ, 1998ರಲ್ಲಿ ಶುರುವಾದ ಪಶುವೈದ್ಯರ ತಂಡ ಮಾಡಿದ್ದು. ಬೆಕ್ಕಿನ ಕ್ರಿಯಾಟಿನಿನ್ 1.6ರಿಂದ 2.8 ಇದ್ದರೆ ಎರಡನೇ ಹಂತ, 2.9ರಿಂದ 5.0 ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು. ರಕ್ತವನ್ನು ಮನುಷ್ಯರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಬದಿಯಲ್ಲಿ ಮನುಷ್ಯರ ನಾರ್ಮಲ್ ರೇಂಜೇ ಅಚ್ಚಾಗಿರುತ್ತದೆ. 1.5 ಬಂದರೂ ದಪ್ಪಕ್ಷರದಲ್ಲಿ ‘ಹೈ’ ಅಂತ ಬರುತ್ತದೆ. ಅದನ್ನು ನೋಡಿ ರಾತ್ರಿಯಿಡೀ ನಿದ್ದೆಗೆಟ್ಟವರು ಇಲ್ಲೇ ಕೂತಿರಬಹುದು. ಬೆಕ್ಕಿನ ಅಂಕಿಯನ್ನು ಬೆಕ್ಕಿನ ಪಟ್ಟಿಯಲ್ಲೇ ನೋಡಬೇಕು. ಒಂದೇ ಅಂಕಿಗಿಂತ, ಅದು ತಿಂಗಳಿಂದ ತಿಂಗಳಿಗೆ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ.

ನಾನು ಹೇಳಬೇಕೆಂದು ಬಂದ ವಿಷಯ ಈಗ ಶುರು. ಬೆಕ್ಕು ದಿನಕ್ಕೆ ಒಂದೋ ಎರಡೋ ಸಲ ಬಾಯಿ ತೆರೆಸಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಕೇಳಿದರೆ ಮಂಚದ ಕೆಳಗೆ ಸೇರುತ್ತದೆ, ನಿಮ್ಮ ಹೆಜ್ಜೆ ಸಪ್ಪಳಕ್ಕೇ ಓಡುತ್ತದೆ, ಕೊನೆಗೆ ನೀವು ತಟ್ಟೆ ಇಟ್ಟರೂ ಹತ್ತಿರ ಬರುವುದಿಲ್ಲ. ಕಿಡ್ನಿ ಬೆಕ್ಕು ಊಟ ಬಿಟ್ಟರೆ ಬೇರೆ ಔಷಧಿಯೆಲ್ಲ ದಂಡ. ಆದ್ದರಿಂದ ಚೀಟಿ ಕೈಗೆ ಬಂದ ಕೂಡಲೇ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಎಲ್ಲವನ್ನೂ ಕೊಡಲು ಆಗದಿದ್ದರೆ ಯಾವುದನ್ನು ಮೊದಲು ಕೊಡಲಿ, ಯಾವುದನ್ನು ಬಿಟ್ಟರೆ ನಡೆಯುತ್ತದೆ?’ ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ಬರಲಿ, ಕೇಳಿ.

ಸಾಮಾನ್ಯವಾಗಿ ಬಿಡಬಾರದ ಪಟ್ಟಿಯಲ್ಲಿ ಮೊದಲು ಬರುವುದು ಬಿ.ಪಿ. ಮಾತ್ರೆ. ಬೆಕ್ಕಿಗೂ ಬಿ.ಪಿ. ಬರುತ್ತದಾ ಅಂತ ನಗುತ್ತಾರೆ. ಕಿಡ್ನಿ ಕಾಯಿಲೆಯ ಬೆಕ್ಕುಗಳಲ್ಲಿ ಅದು ಸಾಮಾನ್ಯ. ಮೇಲಿನ ಅಂಕಿ 160 ದಾಟಿದರೆ ಚಿಕಿತ್ಸೆ ಬೇಕು, 180 ದಾಟಿದರೆ ತಡ ಮಾಡುವಂತಿಲ್ಲ. ಕಣ್ಣಿನ ರೆಟಿನಾ ಕಿತ್ತುಬಂದು ಒಂದೇ ರಾತ್ರಿಯಲ್ಲಿ ಬೆಕ್ಕು ಕುರುಡಾಗಬಹುದು. ಕಣ್ಣಿನ ಪಾಪೆ ಹಗಲು ಬೆಳಕಿನಲ್ಲೂ ಅಗಲವಾಗಿಯೇ ಇದ್ದರೆ, ಬೆಕ್ಕು ಗೋಡೆಗೆ, ಕುರ್ಚಿ ಕಾಲಿಗೆ ತಗುಲುತ್ತಿದ್ದರೆ ನಾಳೆ ಅನ್ನದೆ ಅವತ್ತೇ ಕರೆದುಕೊಂಡು ಹೋಗಿ. ಬಿ.ಪಿ. ಅಳೆಯುವಾಗ ಬೆಕ್ಕು ಮೊದಲು ಐದ್ಹತ್ತು ನಿಮಿಷ ಸುಮ್ಮನೆ ಕೂತಿರಬೇಕು. ನಾಯಿಗಳು ಬೊಗಳುವ ವರಾಂಡದಿಂದ ನೇರ ಟೇಬಲ್ ಮೇಲೆ ಇಟ್ಟು ಅಳೆದರೆ ಬರುವುದು ಹೆದರಿಕೆಯ ಅಂಕಿ. ಅಳೆಸುವ ದಿನ ಬೆಳಗಿನ ಮಾತ್ರೆ ತಪ್ಪಿಸಬೇಡಿ.

ಇದಕ್ಕೆ ಹೆಚ್ಚಾಗಿ ಬರೆಯುವುದು ಅಮ್ಲೋಡಿಪಿನ್. ನಿಮ್ಮ ಅಪ್ಪನೋ ಅಜ್ಜಿಯೋ ತೆಗೆದುಕೊಳ್ಳುವ ಅದೇ ಮಾತ್ರೆ. ಸಾಧಾರಣ ಗಾತ್ರದ ಬೆಕ್ಕಿಗೆ ಶುರುವಿನ ಡೋಸ್ ದಿನಕ್ಕೊಮ್ಮೆ 0.625 ಮಿ.ಗ್ರಾಂ. ಅಂದರೆ 2.5 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ. ಅಂಗಡಿಯಲ್ಲಿ ಹೆಚ್ಚು ಓಡುವುದು 5 ಮಿ.ಗ್ರಾಂ. ಮಾತ್ರೆ. ‘2.5 ಸ್ಟಾಕ್ ಇಲ್ಲ, 5 ತಗೊಳ್ಳಿ, ಎಂಟು ತುಂಡು ಮಾಡಿ’ ಅಂದರೆ ಬೇಡ ಅನ್ನಿ. ಎಂಟು ತುಂಡು ಯಾರಿಗೂ ಸರಿಯಾಗಿ ಬರುವುದಿಲ್ಲ, ನನಗೂ ಬರುವುದಿಲ್ಲ. ನಾಳೆ ತರಿಸಿಕೊಡಿ ಅಂತ ಹೇಳಿ ಹೋಗಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ನೆನಪಿಡಿ. ಬಿ.ಪಿ. ಮಾತ್ರೆಗಳು ನಮ್ಮಲ್ಲಿ ಜೋಡಿ ಜೋಡಿಯಾಗಿ ಬರುತ್ತವೆ. ಒಂದೇ ಹೆಸರು, ಹಿಂದೆ ಒಂದು ಬಾಲ. ಬಾಲ ‘ಎ.ಟಿ.’ ಅಂತಿದ್ದರೆ ಸಾಮಾನ್ಯವಾಗಿ ಜೊತೆಗೆ ಅಟೆನೊಲಾಲ್ ಅನ್ನುವ ಇನ್ನೊಂದು ಬಿ.ಪಿ. ಔಷಧಿ ಸೇರಿದೆ ಅಂತ. ‘ಎಚ್’ ಅಂತಿದ್ದರೆ ಹೈಡ್ರೋಕ್ಲೋರೋಥಯಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಮೊದಲೇ ನೀರು ಹಿಡಿದಿಟ್ಟುಕೊಳ್ಳಲಾಗದ ಬೆಕ್ಕಿಗೆ ಅದು ಹೋದರೆ ಏನಾದೀತು ಯೋಚಿಸಿ. ಸ್ಟ್ರಿಪ್‌ನ ಮೇಲಿನ ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಅಲ್ಲಿ ಒಂದೇ ಹೆಸರು ಇರಬೇಕು. ಮನೆಯಲ್ಲಿ ಹಿರಿಯರ ಡಬ್ಬಿಯಿಂದ ‘ಅದೇ ಮಾತ್ರೆ ಅಲ್ವಾ’ ಅಂತ ತೆಗೆದು ಕೊಡುವುದಂತೂ ಬೇಡವೇ ಬೇಡ.

ಕತ್ತರಿಸುವ ಬಗ್ಗೆ ಸ್ವಲ್ಪ ಹೊತ್ತು ಮಾತಾಡೋಣ, ಯಾಕೆಂದರೆ ಯಾರೂ ಇದನ್ನು ಹೇಳಿಕೊಡುವುದಿಲ್ಲ. ತರಕಾರಿ ಚಾಕು ಬೇಡ, ಹಲ್ಲಿನಿಂದ ಕಚ್ಚಿ ಮುರಿಯುವುದೂ ಬೇಡ. ಮಾತ್ರೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಮುಚ್ಚಳದಲ್ಲಿ ಬ್ಲೇಡ್ ಇರುತ್ತದೆ. ಮಾತ್ರೆಯನ್ನು ಅದರ ಮೂಲೆಗೆ ಒತ್ತಿಟ್ಟು, ಮುಚ್ಚಳವನ್ನು ನಿಧಾನ ಅಲ್ಲ, ಒಂದೇ ಪಟ್ಟಿಗೆ ಒತ್ತಿ. ನಿಧಾನ ಒತ್ತಿದರೆ ಮಾತ್ರೆ ಪುಡಿಯಾಗುತ್ತದೆ. ಮೊದಲು ಅರ್ಧ, ಆಮೇಲೆ ಅರ್ಧದ ಅರ್ಧ. ಕಾಲು ತುಂಡುಗಳು ನಾಲ್ಕೂ ಸಮ ಬರುವುದಿಲ್ಲ, ಒಂದು ಸಣ್ಣದು ಒಂದು ದೊಡ್ಡದು ಆಗೇ ಆಗುತ್ತದೆ. ಅದಕ್ಕೆ ಉಪಾಯ ಇಷ್ಟೇ: ಒಂದು ಮಾತ್ರೆ ಕತ್ತರಿಸಿದರೆ ಆ ನಾಲ್ಕು ತುಂಡನ್ನೇ ನಾಲ್ಕು ದಿನ ಕೊಟ್ಟು ಮುಗಿಸಿ, ಆಮೇಲೆ ಇನ್ನೊಂದು ಕತ್ತರಿಸಿ. ಇವತ್ತು ಸ್ವಲ್ಪ ಹೆಚ್ಚಾದರೆ ನಾಳೆ ಸ್ವಲ್ಪ ಕಡಿಮೆ, ನಾಲ್ಕು ದಿನದಲ್ಲಿ ಲೆಕ್ಕ ಸರಿಹೋಗುತ್ತದೆ. ಇಡೀ ಸ್ಟ್ರಿಪ್ ಕತ್ತರಿಸಿಟ್ಟು ದೊಡ್ಡ ತುಂಡುಗಳನ್ನು ಮೊದಲು ಕೊಟ್ಟು, ಪುಡಿಯನ್ನು ತಿಂಗಳ ಕೊನೆಗೆ ಉಳಿಸಿಕೊಂಡರೆ ಬಿ.ಪಿ. ಮೇಲೆ ಕೆಳಗೆ ಆಗುತ್ತದೆ. ಅಮ್ಲೋಡಿಪಿನ್‌ಗೆ ಬೆಳಕು ಆಗಿಬರುವುದಿಲ್ಲ, ತುಂಡುಗಳನ್ನು ಕಿಟಕಿ ಕಟ್ಟೆಯ ಮೇಲಿನ ಗಾಜಿನ ಶೀಶೆಯಲ್ಲಿ ಇಡಬೇಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡಬೇಡಿ.

ಎರಡನೆಯದು ಟೆಲ್ಮಿಸಾರ್ಟನ್ ಅಥವಾ ಬೆನಝೆಪ್ರಿಲ್. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ, ಅಂದರೆ ಯು.ಪಿ.ಸಿ. ಅನ್ನುವ ಪರೀಕ್ಷೆಯಲ್ಲಿ 0.4ಕ್ಕಿಂತ ಹೆಚ್ಚು ಬಂದರೆ ಬರೆಯುತ್ತಾರೆ. ಟೆಲ್ಮಿಸಾರ್ಟನ್ ಬಿ.ಪಿ.ಗೂ ಆಗುತ್ತದೆ. ಹೊರದೇಶಗಳಲ್ಲಿ ಬೆಕ್ಕಿಗೆಂದೇ ದ್ರವರೂಪದಲ್ಲಿದೆ, ಮಿಲಿ ಲೆಕ್ಕದಲ್ಲಿ ಸಿರಿಂಜಿನಿಂದ ಬಾಯಿಗೆ ಹಾಕಬಹುದು. ಮನುಷ್ಯರ ಮಾತ್ರೆಯಲ್ಲಿ ಅತಿ ಸಣ್ಣದೇ 20 ಮಿ.ಗ್ರಾಂ. ಇರುವಾಗ, ಕಿಲೋಗೆ 1 ಮಿ.ಗ್ರಾಂ. ಅಂತ ಬರೆದರೆ ನಾಲ್ಕು ಕಿಲೋ ಬೆಕ್ಕಿಗೆ ಐದನೇ ಒಂದು ಭಾಗ. ಇದು ಕಷ್ಟದ ಲೆಕ್ಕ. ಅದರ ಮೇಲೆ ಟೆಲ್ಮಿಸಾರ್ಟನ್ ಮಾತ್ರೆ ಗಾಳಿಯ ತೇವ ಹೀರುತ್ತದೆ, ಸ್ಟ್ರಿಪ್‌ನಿಂದ ತೆಗೆದು ಇಡುವಂಥದ್ದಲ್ಲ. ಮಲೆನಾಡಿನ ಆಷಾಢದಲ್ಲಿ ಕತ್ತರಿಸಿಟ್ಟ ತುಂಡು ಮರುದಿನಕ್ಕೆ ಮೆತ್ತಗಾಗಿರುತ್ತದೆ. ಡಾಕ್ಟರನ್ನು ಕೇಳಿ, ದ್ರವರೂಪ ತರಿಸಲು ಆಗುತ್ತದಾ, ಇಲ್ಲವೇ ಬೇರೆ ಔಷಧಿಗೆ ಬದಲಾಯಿಸಬಹುದಾ ಅಂತ.

ಈ ಗುಂಪಿನ ಔಷಧಿಗಳಿಗೆ ಒಂದು ನಿಯಮ ಇದೆ. ಬೆಕ್ಕು ನೀರಿಲ್ಲದೆ ಒಣಗಿದ್ದರೆ ಶುರು ಮಾಡುವಂತಿಲ್ಲ. ಶುರು ಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಬೇಕು. ನಡುವೆ ಯಾವತ್ತಾದರೂ ಬೆಕ್ಕು ಊಟ ನೀರು ಬಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದರೆ, ಅವತ್ತಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಶರೀರದಲ್ಲಿ ನೀರು ಕಡಿಮೆಯಾಗಿರುವಾಗ ಇದೇ ಮಾತ್ರೆ ಕಿಡ್ನಿಗೆ ಹೊಡೆತ ಕೊಡಬಹುದು. ‘ಡಾಕ್ಟರು ದಿನಾ ಕೊಡಿ ಅಂದಿದ್ದಾರೆ’ ಅಂತ ನಿಷ್ಠೆಯಿಂದ ಕೊಡುವವರಿಗೇ ಈ ಮಾತು.

ಫಾಸ್ಫರಸ್ ವಿಷಯಕ್ಕೆ ಬರುತ್ತೇನೆ. ಸೋತ ಕಿಡ್ನಿ ಫಾಸ್ಫರಸ್ ಹೊರಹಾಕುವುದಿಲ್ಲ. ಅದು ರಕ್ತದಲ್ಲಿ ಏರಿದಂತೆ ಬೆಕ್ಕು ಸೊರಗುತ್ತದೆ, ಕಿಡ್ನಿಯೂ ಬೇಗ ಕೆಡುತ್ತದೆ. ಇಲ್ಲಿ ಮೊದಲ ಔಷಧಿ ಊಟವೇ, ಕಿಡ್ನಿ ಬೆಕ್ಕಿಗೆಂದು ಮಾಡಿದ ಆಹಾರ. ದುಬಾರಿ, ಒಪ್ಪುತ್ತೇನೆ. ಆದರೆ ಬೆಕ್ಕಿನ ಆಯಸ್ಸು ಹೆಚ್ಚಿಸುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದ ಕೆಲವೇ ವಿಷಯಗಳಲ್ಲಿ ಇದೂ ಒಂದು. ವಾರಗಟ್ಟಲೆ ಸಮಯ ತೆಗೆದುಕೊಂಡು ಹಳೆಯ ಊಟದ ಜೊತೆ ಬೆರೆಸುತ್ತಾ ಬದಲಾಯಿಸಿ. ವಾಂತಿ ಬರುತ್ತಿರುವ ದಿನಗಳಲ್ಲಿ ಹೊಸ ಊಟ ಮುಂದಿಟ್ಟರೆ ‘ಇದನ್ನು ತಿಂದೇ ಹೊಟ್ಟೆ ತೊಳಸಿತು’ ಅಂತ ಬೆಕ್ಕು ತೀರ್ಮಾನಿಸಿಬಿಡುತ್ತದೆ. ಆಮೇಲೆ ಆ ಬ್ರಹ್ಮ ಬಂದರೂ ಅದನ್ನು ಮುಟ್ಟುವುದಿಲ್ಲ. ನಮ್ಮ ಕಡೆ ಬೆಕ್ಕಿಗೆ ಮುಳ್ಳು ಸಮೇತ ಬೂತಾಯಿ, ಒಣಮೀನು ಹಾಕುವ ರೂಢಿ ಇದೆ. ಮುಳ್ಳಿನ ತುಂಬ ಫಾಸ್ಫರಸ್, ಒಣಮೀನಿನಲ್ಲಿ ಮೇಲೆ ಉಪ್ಪು ಬೇರೆ. ಅದು ನಿಲ್ಲಬೇಕು. ಹಾಗಂತ ಕಿಡ್ನಿ ಆಹಾರ ತಿನ್ನದೆ ಉಪವಾಸ ಕೂರಿಸುವುದೂ ಬೇಡ. ತಿನ್ನದ ಒಳ್ಳೆಯ ಊಟಕ್ಕಿಂತ ತಿನ್ನುವ ಸಾಧಾರಣ ಊಟ ಮೇಲು.

ಊಟ ಬದಲಾದ ಮೇಲೂ ಫಾಸ್ಫರಸ್ ಇಳಿಯದಿದ್ದರೆ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವ ಪುಡಿಯೋ ಮಾತ್ರೆಯೋ ಬರೆಯುತ್ತಾರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಲ್ಯಾಂಥನಂ, ಸೆವೆಲಾಮರ್, ಕ್ಯಾಲ್ಸಿಯಂ ಇರುವಂಥವು. ಇವು ರಕ್ತಕ್ಕೆ ಸೇರಿ ಕೆಲಸ ಮಾಡುವಂಥವಲ್ಲ, ಊಟದ ಜೊತೆಗೇ ಹೊಟ್ಟೆಯಲ್ಲಿರಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ವ್ಯರ್ಥ. ಬೇರೆ ಔಷಧಿಗಳನ್ನೂ ಕಟ್ಟಿಹಾಕುವ ಸ್ವಭಾವ ಇರುವುದರಿಂದ ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ಇದ್ದರೆ ಎರಡು ಗಂಟೆ ಅಂತರ ಬೇಕು. ನಮ್ಮ ಅಂಗಡಿಯಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೇಳಿದರೆ ಕೆಲವರು ಗ್ಯಾಸ್ಟ್ರಿಕ್‌ಗೆ ಕುಡಿಯುವ ಸಿರಪ್ ಎತ್ತಿಕೊಡುತ್ತಾರೆ. ಅದರಲ್ಲಿ ಹೆಚ್ಚಾಗಿ ಮೆಗ್ನೀಸಿಯಂ ಕೂಡ ಸೇರಿರುತ್ತದೆ, ಕಿಡ್ನಿ ಸೋತವರಿಗೆ ಅದು ಸಲ್ಲದು. ಬಾಟಲಿ ತಿರುಗಿಸಿ ಓದಿ.

ಹಸಿವಿನ ಔಷಧಿ ಮಿರ್ಟಾಝಪಿನ್. ಮನುಷ್ಯರಿಗೆ ಖಿನ್ನತೆಗೆ ಕೊಡುವ ಮಾತ್ರೆ, ಬೆಕ್ಕಿಗೆ ಹಸಿವು ತರಿಸುತ್ತದೆ, ವಾಂತಿಯನ್ನೂ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ಬೆಕ್ಕಿನ ಕಿವಿಗೆ ಸವರುವ ಮುಲಾಮಿನ ರೂಪದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮಲ್ಲಿ 7.5 ಮಿ.ಗ್ರಾಂ. ಮಾತ್ರೆಯ ಕಾಲು ಭಾಗ ಬರೆಯುತ್ತಾರೆ. ಕಿಡ್ನಿ ಸೋತ ಬೆಕ್ಕಿನ ಶರೀರದಿಂದ ಇದು ನಿಧಾನವಾಗಿ ಹೊರಹೋಗುವುದರಿಂದ ದಿನ ಬಿಟ್ಟು ದಿನ. ಇದರಲ್ಲಿ ಡೋಸ್ ಹೆಚ್ಚಾದರೆ ತಕ್ಷಣ ಗೊತ್ತಾಗುತ್ತದೆ, ಬೆಕ್ಕು ರಾತ್ರಿಯೆಲ್ಲ ಕೂಗುತ್ತಾ ಮನೆ ಸುತ್ತುತ್ತದೆ, ಮೈ ಅದುರುತ್ತದೆ. 15ರ ಮಾತ್ರೆ ತಂದು ಕಾಲು ಮಾಡಿದರೆ ಡೋಸ್ ಎರಡು ಪಟ್ಟು ಆಯಿತು, ನೆನಪಿರಲಿ. ಮತ್ತೆ, ಮಕ್ಕಳಿಗೆ ಹಸಿವಿಗೆ ಕೊಡುವ ಸೈಪ್ರೋಹೆಪ್ಟಡಿನ್ ಸಿರಪ್ ಗೊತ್ತಲ್ಲ? ಎರಡೂ ಹಸಿವಿನ ಔಷಧಿಯೇ, ಎರಡೂ ಕೊಟ್ಟರೆ ಬೇಗ ತಿನ್ನುತ್ತದೆ ಅಂತ ಕೊಡುವವರಿದ್ದಾರೆ. ಅವು ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ. ಮಿರ್ಟಾಝಪಿನ್ ಹೆಚ್ಚಾದಾಗ ಇಳಿಸಲು ಕೊಡುವುದೇ ಸೈಪ್ರೋಹೆಪ್ಟಡಿನ್.

ಅಸಿಡಿಟಿ ಮಾತ್ರೆಯ ಬಗ್ಗೆ ಒಂದೇ ಮಾತು. ಹಿಂದೆ ಕಿಡ್ನಿ ಬೆಕ್ಕು ಅಂದರೆ ಅಸಿಡಿಟಿ ಮಾತ್ರೆ ಕಡ್ಡಾಯ ಅನ್ನುವಂತಿತ್ತು. ಕಿಡ್ನಿ ಬೆಕ್ಕುಗಳ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿಯೇನೂ ಇಲ್ಲ ಅಂತ ಅಳೆದು ನೋಡಿದ ಮೇಲೆ ಆ ರೂಢಿ ಕಡಿಮೆಯಾಗಿದೆ. ನಿಮ್ಮ ಚೀಟಿಯಲ್ಲಿ ಹಳೆಯ ಕಾಲದಿಂದ ಅದು ಉಳಿದುಕೊಂಡಿದ್ದರೆ ಈಗಲೂ ಬೇಕಾ ಅಂತ ಕೇಳಿ. ಒಂದು ಸಲ ಬಾಯಿ ತೆರೆಸುವುದು ಉಳಿದರೂ ಉಳಿಯಿತೇ.

ಈಗ ಬಾಯಿಗೆ ಬರೋಣ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ, ಮುಖ ಆಚೆ. ಎದುರಿನಿಂದ ಹೋದರೆ ಅದು ಜಗಳ ಅಂದುಕೊಳ್ಳುತ್ತದೆ. ಎಡಗೈಯನ್ನು ತಲೆಯ ಮೇಲಿಂದ ತಂದು ಹೆಬ್ಬೆರಳು ಒಂದು ಕೆನ್ನೆಯ ಮೂಳೆಗೆ, ನಡುಬೆರಳು ಇನ್ನೊಂದಕ್ಕೆ. ಮೂತಿಯನ್ನು ಸೂರಿನ ಕಡೆ ಎತ್ತಿದರೆ ಕೆಳಗಿನ ದವಡೆ ತಾನೇ ಸಡಿಲವಾಗುತ್ತದೆ. ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಮಾತ್ರೆ, ನಡುಬೆರಳಿನಿಂದ ಕೆಳಗಿನ ಮುಂದಿನ ಸಣ್ಣ ಹಲ್ಲುಗಳನ್ನು ಒತ್ತಿ ಬಾಯಿ ತೆರೆದು, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ ನಟ್ಟ ನಡುವೆ ಬಿಡಿ. ಬದಿಗೆ ಬಿದ್ದರೆ ಕಚ್ಚುತ್ತದೆ, ಕಹಿ ತಗುಲಿ ನೊರೆ ಸುರಿಸುತ್ತದೆ. ಆ ನೊರೆ ನೋಡಿ ವಿಷ ಏರಿತು ಅಂತ ಹೆದರಬೇಡಿ, ಕಹಿಗೆ ಬೆಕ್ಕು ಹಾಗೆ ಮಾಡುತ್ತದೆ. ಬಾಯಿ ಮುಚ್ಚಿಸಿ ಬಿಡಿ. ಮೂಗು ನೆಕ್ಕಿಕೊಂಡಿತು ಅಂದರೆ ನುಂಗಿತು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್‌ನಂಥವು ಹಾಗೆ ನಿಂತರೆ ಒಳಗೆ ಹುಣ್ಣಾಗಿ ಅನ್ನನಾಳವೇ ಕಿರಿದಾಗಬಹುದು. ಆದ್ದರಿಂದ ಪ್ರತಿ ಮಾತ್ರೆಯ ಹಿಂದೆ ಸೂಜಿಯಿಲ್ಲದ ಸಿರಿಂಜಿನಿಂದ, ತುಟಿಯ ಬದಿಯಿಂದ, ನಿಧಾನವಾಗಿ ಐದಾರು ಮಿಲಿ ನೀರು. ರಭಸವಾಗಿ ಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮಾತ್ರೆಗೆ ಮೊದಲೇ ಸ್ವಲ್ಪ ಬೆಣ್ಣೆ ಸವರಿದರೆ ಜಾರಿ ಹೋಗುತ್ತದೆ, ಬೆಣ್ಣೆಯಲ್ಲಿ ಫಾಸ್ಫರಸ್ ಅತಿ ಕಡಿಮೆ. ನಮ್ಮ ಮಕ್ಕಳಿಗೆ ಮಾಡುವ ಹಾಗೆ ಜೇನುತುಪ್ಪದಲ್ಲಿ ತೇದು ಕೊಡುವುದು ಇಲ್ಲಿ ಕೆಲಸಕ್ಕೆ ಬಾರದು. ಸಿಹಿ ತಿಳಿಯುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲೇ ಕಂಡುಕೊಂಡಿದ್ದಾರೆ. ಬೆಕ್ಕಿಗೆ ಜೇನು ಬರೀ ಅಂಟು. ಮೀನುಸಾರಿನಲ್ಲಿ ಅಡಗಿಸುವವರು ಗಮನಿಸಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಕಿಡ್ನಿ ಬೆಕ್ಕಿಗೆ ಮೊದಲೇ ರಕ್ತ ಕಡಿಮೆ. ಬರೀ ನೀರಿನಲ್ಲಿ ಬೇಯಿಸಿದ ಕೋಳಿಯ ಒಂದು ಚೂರು ಸಾಕು, ಆದರೆ ಅದು ಊಟದ ತಟ್ಟೆಯಲ್ಲಿ ಬೇಡ, ಕೈಯಿಂದ ಬೇರೆಯಾಗಿ. ಕಹಿ ಮಾತ್ರೆಯನ್ನು ಊಟದಲ್ಲಿ ಬೆರೆಸಿ ಸಿಕ್ಕಿಬಿದ್ದರೆ ಊಟವೂ ಹೋಯಿತು, ಮಾತ್ರೆಯೂ ಹೋಯಿತು. ಊಟದಲ್ಲಿ ಬೆರೆಸಬೇಕಾದ್ದು ಫಾಸ್ಫರಸ್ ಕಟ್ಟಿಹಾಕುವ ಪುಡಿ ಒಂದೇ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಖಾಲಿ ಜೆಲಟಿನ್ ಕ್ಯಾಪ್ಸೂಲ್. ನಾಲ್ಕನೇ ನಂಬರಿನದ್ದು ಬೆಕ್ಕಿಗೆ ಸರಿಯಾಗುತ್ತದೆ. ಬೆಳಗಿನ ಅಮ್ಲೋಡಿಪಿನ್ ಕಾಲು, ಮಿರ್ಟಾಝಪಿನ್ ಇರುವ ದಿನ ಅದರ ಕಾಲು, ಎರಡೂ ಒಂದರೊಳಗೆ. ಒಟ್ಟಿಗೆ ಹಾಕಬಹುದಾದ ಔಷಧಿಗಳು ಯಾವುವು ಅಂತ ಡಾಕ್ಟರನ್ನು ಕೇಳಿಯೇ ಮಾಡಿ. ಹೀಗೆ ಜೋಡಿಸಿದರೆ, ನೋಡಿದರೆ ಎದೆ ಝಲ್ ಅನ್ನಿಸುವ ಚೀಟಿ ಬೆಳಿಗ್ಗೆ ಒಂದು ಕ್ಯಾಪ್ಸೂಲ್, ತಟ್ಟೆಯಲ್ಲಿ ಒಂದು ಚಿಟಿಕೆ ಪುಡಿ ಅನ್ನುವಷ್ಟಕ್ಕೆ ಇಳಿಯುತ್ತದೆ. ಕೆಂಚ ಈಗ ಅಷ್ಟಕ್ಕೆ ಗೊಣಗುತ್ತಾ ಒಪ್ಪಿಕೊಂಡಿದ್ದಾನೆ.

ಕೊಡಬಾರದ್ದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಯಾರಸಿಟಮಾಲ್: ಒಂದು 500ರ ಮಾತ್ರೆ ಬೆಕ್ಕನ್ನು ಕೊಲ್ಲಬಹುದು, ಕಿಡ್ನಿ ಚೆನ್ನಾಗಿದ್ದರೂ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನಿಮೆಸುಲೈಡ್ ಹತ್ತಿರವೂ ಸುಳಿಯಬಾರದು. ಮೆಲೊಕ್ಸಿಕಾಮ್ ಪಶುವೈದ್ಯರು ಬಳಸುವ ನೋವಿನ ಔಷಧಿಯೇ, ಆದರೂ ಬೆಕ್ಕಿಗೆ ಪದೇಪದೇ ಕೊಟ್ಟರೆ ಕಿಡ್ನಿ ಕೆಟ್ಟು ಸಾಯಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಲೇಬಲ್ ಮೇಲೆಯೇ ಎಚ್ಚರಿಕೆ ಹಾಕಿಸಿತು. ಅಜ್ಜಿ ಮಂಡಿಗೆ ನೋವಿನ ಜೆಲ್ ಹಚ್ಚಿಕೊಂಡು ಕೂತಿರುತ್ತಾರೆ, ಬೆಕ್ಕು ತೊಡೆ ಏರಿ ನೆಕ್ಕುತ್ತದೆ. ಫ್ಲರ್ಬಿಪ್ರೊಫೆನ್ ಇದ್ದ ಇಂಥ ಕ್ರೀಮಿನಿಂದ ಬೆಕ್ಕುಗಳು ಸತ್ತದ್ದನ್ನು ಅದೇ ಎಫ್‌ಡಿಎ 2015ರಲ್ಲಿ ತಿಳಿಸಿದೆ. ಹಚ್ಚಿದ ಮೇಲೆ ಬಟ್ಟೆ ಮುಚ್ಚಿಕೊಳ್ಳಲಿ, ಕೈ ತೊಳೆಯಲಿ. ಹೂದಾನಿಯಲ್ಲಿ ಲಿಲ್ಲಿ ಹೂವೂ ಬೇಡ, ಅದರ ಪರಾಗ ಮೈಗೆ ತಾಗಿ ನೆಕ್ಕಿಕೊಂಡರೂ ಕಿಡ್ನಿ ನಿಲ್ಲುತ್ತದೆ.

ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ತೂಕ, ಊಟ ಎಷ್ಟು, ವಾಂತಿ ಇತ್ತೇ, ಯಾವ ಮಾತ್ರೆ ಯಾವ ದಿನ ಶುರು. ಬೆಕ್ಕನ್ನು ಚೀಲದಲ್ಲಿ ಕೂರಿಸಿ ಲಗೇಜ್ ತೂಗುವ ತಕ್ಕಡಿಗೆ ನೇತುಹಾಕಿದರೂ ಆದೀತು. ನಾಲ್ಕು ಕಿಲೋ ಬೆಕ್ಕು 300 ಗ್ರಾಂ ಇಳಿಯಿತು ಅಂದರೆ ಕಣ್ಣಿಗೆ ಕಾಣುವುದಿಲ್ಲ. ಅದೇ ಲೆಕ್ಕದಲ್ಲಿ 60 ಕಿಲೋ ಮನುಷ್ಯ ನಾಲ್ಕೂವರೆ ಕಿಲೋ ಇಳಿದ ಹಾಗೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: ಮನೆಯಲ್ಲೇ ಗ್ಲೂಕೋಸ್ ಹಾಕಬಹುದಾ?

ಡಾಕ್ಟರು ತೋರಿಸಿಕೊಟ್ಟರೆ ಹಾಕಬಹುದು, ಬಹಳ ಜನ ಹಾಕುತ್ತಾರೆ. ಆದರೆ ಅಂಗಡಿಯಲ್ಲಿ ಗ್ಲೂಕೋಸ್ ಅಂತ ಕೇಳಬೇಡಿ. ಕೇಳಿದರೆ ಡೆಕ್ಸ್‌ಟ್ರೋಸ್ ಬಾಟಲಿ ಕೊಟ್ಟಾರು, ಅದು ಚರ್ಮದಡಿಗೆ ಹಾಕುವಂಥದ್ದಲ್ಲ. ಸಾಮಾನ್ಯವಾಗಿ ಬರೆಯುವುದು ರಿಂಗರ್ ಲ್ಯಾಕ್ಟೇಟ್, ಆರ್.ಎಲ್. ಸಾಧಾರಣ ಬೆಕ್ಕಿಗೆ ಒಂದು ಸಲಕ್ಕೆ ನೂರು, ನೂರೈವತ್ತು ಮಿಲಿ, ದಿನಾ ಬೇಕೋ ವಾರಕ್ಕೆರಡು ಸಲವೋ ಡಾಕ್ಟರು ಹೇಳುತ್ತಾರೆ. ಎರಡನೇ ಹಂತದಲ್ಲಿ ಚೆನ್ನಾಗಿ ನೀರು ಕುಡಿದು ತಿನ್ನುತ್ತಿರುವ ಬೆಕ್ಕಿಗೆ ಸಾಮಾನ್ಯವಾಗಿ ಬೇಕೇ ಇಲ್ಲ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ. ಸೂಜಿ ಪ್ರತಿ ಸಲ ಹೊಸದು. ಭುಜದ ಮೇಲೆ ನೀರು ಗಂಟಿನಂತೆ ನಿಂತು ಆಮೇಲೆ ಮುಂಗಾಲಿನ ಕಡೆ ಇಳಿಯುತ್ತದೆ, ಕೆಲವು ಗಂಟೆಗಳಲ್ಲಿ ಕರಗುತ್ತದೆ. ಹೃದಯದ ತೊಂದರೆ ಇರುವ ಬೆಕ್ಕಿಗೆ ಇದು ಅಪಾಯ. ಮಲಗಿರುವಾಗ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೆ ಮುಂದಿನ ಬಾಟಲಿ ಏರಿಸದೆ ಡಾಕ್ಟರಿಗೆ ಹೇಳಿ.

ಇನ್ನೊಬ್ಬರು: ಆಯುರ್ವೇದದ ಕಿಡ್ನಿ ಸಿರಪ್ ಜೊತೆಗೆ ಕೊಡಬಹುದಾ?

ಮನುಷ್ಯರಿಗೆ ಮಾಡಿದ್ದನ್ನು ಬೆಕ್ಕಿಗೆ ಕೊಟ್ಟರೆ ಏನಾಗುತ್ತದೆ ಅಂತ ಬೆಕ್ಕಿನ ಮೇಲೆ ನೋಡಿರುವುದಿಲ್ಲ. ಬೆಕ್ಕಿನ ಯಕೃತ್ತು ಎಷ್ಟೋ ವಸ್ತುಗಳನ್ನು ನಮ್ಮ ಹಾಗೆ ಕರಗಿಸುವುದಿಲ್ಲ, ಪ್ಯಾರಸಿಟಮಾಲ್ ವಿಷವಾಗುವುದೂ ಅದಕ್ಕೇ. ನನ್ನ ಅಂಗಡಿಯಲ್ಲೂ ಆ ಸಿರಪ್ ಇದೆ, ಮಾರಿದರೆ ನನಗೆ ಲಾಭವೇ. ಬೇಡ ಅಂತಲೇ ಹೇಳುತ್ತೇನೆ. ಇನ್ನೊಂದು ಸಲ ಬಾಯಿ ತೆರೆಸಬೇಕಲ್ಲ, ಯಾತಕ್ಕೆ?

ಹೊಸ ಔಷಧಿ ಏನಾದರೂ ಬಂದಿದೆಯಾ ಅಂತ ಒಬ್ಬ ಹುಡುಗ ಕೇಳಿದ.

ಕಿಡ್ನಿ ಕಾಯಿಲೆಯಿಂದ ಬರುವ ರಕ್ತಹೀನತೆಗೆ ಮೊಲಿಡುಸ್ಟ್ಯಾಟ್ ಅನ್ನುವ, ಬಾಯಿಗೆ ಹಾಕುವ ದ್ರವಕ್ಕೆ ಅಮೆರಿಕದಲ್ಲಿ 2023ರಲ್ಲಿ ಷರತ್ತಿನ ಒಪ್ಪಿಗೆ ಸಿಕ್ಕಿದೆ. ಅಲ್ಲಿಯವರೆಗೆ ಚುಚ್ಚುಮದ್ದೇ ಗತಿ ಇತ್ತು. ಜಪಾನಿನಲ್ಲಿ ತೋರು ಮಿಯಾಝಾಕಿ ಅನ್ನುವ ವಿಜ್ಞಾನಿ ಎ.ಐ.ಎಂ. ಎಂಬ ಪ್ರೋಟೀನಿನಿಂದ ಬೆಕ್ಕಿನ ಕಿಡ್ನಿ ಕಾಯಿಲೆಗೆ ಔಷಧಿ ಮಾಡಲು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. 2021ರಲ್ಲಿ ಸಂಶೋಧನೆಗೆ ದುಡ್ಡು ನಿಂತಿದೆ ಅನ್ನುವ ಸುದ್ದಿ ಹರಡಿದಾಗ ಬೆಕ್ಕು ಸಾಕಿದ ಜನರೇ ಕೋಟಿಗಟ್ಟಲೆ ಯೆನ್ ಕಳಿಸಿದರು. ನಾಳೆ ನಮ್ಮ ಅಂಗಡಿಗೆ ಬರುತ್ತದೆ ಅಂತ ಕಾಯುತ್ತಾ ಇವತ್ತಿನ ಅಮ್ಲೋಡಿಪಿನ್ ತಪ್ಪಿಸಬೇಡ ಮಾರಾಯ.

ಹಿಂದೆ ಕೂತಿದ್ದ ಹಿರಿಯರೊಬ್ಬರು: ನಮ್ಮದು ನಾಲ್ಕನೇ ಹಂತ, ಕ್ರಿಯಾಟಿನಿನ್ ಎಂಟರ ಮೇಲಿದೆ. ಇಷ್ಟೆಲ್ಲ ಯಾಕೆ ಹಿಂಸೆ, ನಿಲ್ಲಿಸಿಬಿಡೋಣವಾ ಅನ್ನಿಸುತ್ತದಮ್ಮ.

ನಿಲ್ಲಿಸುವುದು ಅಂದರೆ ಎಲ್ಲವನ್ನೂ ಒಂದೇ ದಿನ ನಿಲ್ಲಿಸುವುದು ಅಂತಲ್ಲ ಸರ್. ಮುಂದಿನ ವರ್ಷಕ್ಕೆ ಉಪಯೋಗ ಆಗುವ ಔಷಧಿ ಬೇರೆ, ಇವತ್ತಿನ ದಿನಕ್ಕೆ ಉಪಯೋಗ ಆಗುವ ಔಷಧಿ ಬೇರೆ. ಫಾಸ್ಫರಸ್ ಕಟ್ಟಿಹಾಕುವ ಪುಡಿ, ಕಿಡ್ನಿ ಆಹಾರದ ಕಟ್ಟುನಿಟ್ಟು ಮೊದಲು ಸಡಿಲಾಗಬಹುದು, ಇಷ್ಟದ ಮೀನೇ ತಿನ್ನಲಿ. ವಾಂತಿಯ ಔಷಧಿ ಉಳಿಯಲಿ, ಹೊಟ್ಟೆ ತೊಳಸುವುದು ಬೆಕ್ಕಿಗೂ ಹಿಂಸೆ. ಬಿ.ಪಿ. ಇದ್ದರೆ ಆ ಮಾತ್ರೆಯೂ ಉಳಿಯಲಿ, ಕೊನೆಯ ದಿನಗಳಲ್ಲಿ ಕಣ್ಣು ಹೋಗುವುದು ಬೇಡ. ಚೀಟಿ ಹಿಡಿದುಕೊಂಡು ಹೋಗಿ ಡಾಕ್ಟರ ಎದುರು ಒಂದೊಂದಾಗಿ ಗೆರೆ ಎಳೆಸಿಕೊಂಡು ಬನ್ನಿ. ದಯಾಮರಣದ ಮಾತನ್ನೂ ಸಂಕೋಚವಿಲ್ಲದೆ ಅವರ ಹತ್ತಿರವೇ ಆಡಿ.

ಕೊನೆಯ ಪ್ರಶ್ನೆ: ಮದುವೆಗೆ ಊರಿಗೆ ಹೋಗಬೇಕು, ಬೆಕ್ಕನ್ನು ಪಕ್ಕದ ಮನೆಯವರ ಹತ್ತಿರ ಬಿಡಬೇಕು. ಔಷಧಿ ಹೇಗೆ?

ಹೋಗುವ ಎರಡು ಮೂರು ದಿನ ಮೊದಲೇ ಅವರನ್ನು ಕರೆದು ಅವರ ಕೈಯಿಂದಲೇ ಕೊಡಿಸಿ ನೋಡಿ. ಅವರಿಗೆ ಬಾಯಿ ತೆರೆಸಲು ಆಗುವುದಿಲ್ಲ ಅಂತಾದರೆ ಕ್ಲಿನಿಕ್ಕಿನಲ್ಲಿ ಬಿಡುವ ವ್ಯವಸ್ಥೆ ಕೇಳಿ. ಕ್ಯಾಪ್ಸೂಲ್‌ಗಳನ್ನು ತುಂಬಿ ದಿನದ ಹೆಸರು ಬರೆದ ಡಬ್ಬಿಯಲ್ಲಿಟ್ಟುಹೋಗಿ, ಅವರಿಗೆ ಕತ್ತರಿಸುವ ಕೆಲಸ ಬಿಡಬೇಡಿ. ತಪ್ಪಿದರೆ ಎರಡು ಕೊಡಬೇಡಿ ಅಂತ ಡಬ್ಬಿಯ ಮೇಲೆಯೇ ಬರೆಯಿರಿ. ಡಾಕ್ಟರ ನಂಬರ್, ಚೀಟಿಯ ಫೋಟೋ, ಸ್ಟ್ರಿಪ್‌ನ ಹಿಂಬದಿಯ ಫೋಟೋ ಅವರ ಮೊಬೈಲಿನಲ್ಲಿರಲಿ. ಸ್ಟ್ರಿಪ್ ಅಂದಾಗ ನೆನಪಾಯಿತು: ನಾಲ್ಕೇ ಮಾತ್ರೆ ಸಾಕು ಅಂದರೆ ನಾವು ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತೇವಲ್ಲ, ಹೆಸರು ಮತ್ತು ಎಕ್ಸ್‌ಪೈರಿ ಇರುವ ತುದಿ ಎಷ್ಟೋ ಸಲ ನಮ್ಮ ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ಆ ತುದಿಯ ಕಡೆಯಿಂದಲೇ ಕೊಡಿ ಅಂತ ಕೇಳಿ ತೆಗೆದುಕೊಳ್ಳಿ. ಇಲ್ಲ ಅಂದರೆ ಇಡೀ ಸ್ಟ್ರಿಪ್ ಕೊಂಡುಬಿಡಿ, ಅಮ್ಲೋಡಿಪಿನ್‌ಗೆ ಅಷ್ಟೇನೂ ದುಡ್ಡಾಗುವುದಿಲ್ಲ.